ಗಂಟಲು ಹಿಡಿದ ಎರಡು ಪದಗಳು

ಫಲಿತಾಂಶ ತಡವಾಗಿದೆ, ಪ್ರಾಂಶುಪಾಲರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ನಿಮ್ಮ ಕಳವಳಕ್ಕೆ 'ವರೀಡ್' ಎನ್ನುವಿರೋ, 'ಆಂಕ್ಷಿಯಸ್' ಎನ್ನುವಿರೋ?

'ವರಿ' ಹಳೆಯ ಇಂಗ್ಲಿಷಿನ ಮನೆಮಾತು. ಮೊದಲು ಅದರ ಅರ್ಥ ಕತ್ತು ಹಿಸುಕುವುದು. ನಾಯಿ ಕುರಿಯ ಗಂಟಲಿಗೆ ಬಾಯಿ ಹಾಕುವುದಕ್ಕೂ ಮುಂದೆ ಅದೇ ಪದ ಬಂತು, ಆಮೇಲೆ ಪೀಡಿಸುವುದಕ್ಕೂ. ತನ್ನಷ್ಟಕ್ಕೆ ಚಿಂತಿಸುವ ಅರ್ಥ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. 'ಆಂಕ್ಷಿಯಸ್' 17ನೆಯ ಶತಮಾನದಲ್ಲಿ ಲ್ಯಾಟಿನ್ನಿನಿಂದ ಬಂದ ಪದ. ಅದರ ಧಾತುವಿಗೂ ಉಸಿರುಗಟ್ಟಿಸು ಎಂದೇ ಅರ್ಥ!

ಹಾಗಿದ್ದೂ ಒಂದು ಸಲಿಗೆಯ ಮಾತು, ಇನ್ನೊಂದು ಗಂಭೀರ ಪದ ಆದದ್ದೇಕೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಸ್ಥಾನದಲ್ಲಿ ಫ್ರೆಂಚ್, ಚರ್ಚು ಮತ್ತು ವಿದ್ಯೆಯಲ್ಲಿ ಲ್ಯಾಟಿನ್. ಹೊಲ ಉಳುವವನ ಬಾಯಲ್ಲಿ ಇಂಗ್ಲಿಷ್. ಈ ಮೇಲುಕೀಳು ಶತಮಾನಗಳವರೆಗೆ ಪದಗಳಿಗೂ ಅಂಟಿಕೊಂಡಿತು. (ನಮ್ಮ 'ಅಳುಕು', 'ಆತಂಕ'ಗಳನ್ನು ಅಕ್ಕಪಕ್ಕ ಇಟ್ಟು ನೋಡಿ.)

'ನರ್ವಸ್'ನ ಕಥೆ ತಮಾಷೆಯದು. ಡಾ. ಜಾನ್ಸನ್ನರ 1755ರ ನಿಘಂಟಿನಲ್ಲಿ ಅದರ ಮೊದಲ ಅರ್ಥ ಬಲಿಷ್ಠ! ನರ ದುರ್ಬಲವಾದವನು ಎಂಬ ಅರ್ಥವನ್ನು ಅವರು ವೈದ್ಯರ ಪರಿಭಾಷೆಯೆಂದು ಬದಿಗಿಟ್ಟಿದ್ದರು. ಕೊನೆಗೆ ಗೆದ್ದವರು ವೈದ್ಯರೇ. 'ಜಿಟರ್ಸ್' 1920ರ ದಶಕದ ಅಮೆರಿಕದ ಬೀದಿಮಾತು, ಅದು ಗೆಳೆಯರಿಗಿರಲಿ.

ಪತ್ರದಲ್ಲಿ 'ವರೀಡ್' ತಪ್ಪಲ್ಲ, ತುಸು ಸಲಿಗೆಯದು ಅಷ್ಟೆ. 'ಆಂಕ್ಷಿಯಸ್ ಅಬೌಟ್' ಎಂದು ಬರೆದರೆ ಒಪ್ಪುತ್ತದೆ. ಆದರೆ ಅದರ ಮುಂದೆ 'ಟು' ಬಂದರೆ ಎಚ್ಚರ: 'ಆಂಕ್ಷಿಯಸ್ ಟು ಜಾಯಿನ್' ಎಂದರೆ ಸೇರಲು ಭಯವೆಂದಲ್ಲ, ಕಾತರವೆಂದು.