ಸಮುದ್ರದಾಳದ ಸಂದೇಶ: ತಂತಿಯಿಂದ ಸಿಲಿಕಾನ್ ಚಿಪ್‌ವರೆಗೆ



ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುತ್ತಿರುವ ಅಣ್ಣನ ಧ್ವನಿ ಉಪಗ್ರಹದಿಂದ ಇಳಿದು ಬರುತ್ತದೆಂದು ನೀವು ಭಾವಿಸಿರಬಹುದು. ಆದರೆ ಖಂಡಗಳ ನಡುವಿನ ಬಹುಪಾಲು ಮಾತು, ಚಿತ್ರ, ಪತ್ರಗಳು ಸಾಗುವುದು ಸಮುದ್ರದ ತಳದಲ್ಲಿ ಹಾಸಿದ, ಕೂದಲೆಳೆಯಂತಹ ಗಾಜಿನ ತಂತುಗಳಲ್ಲಿ. ದೂರ ಸಾಗಿದ ಸಂಕೇತ ಕ್ಷೀಣಿಸುವುದು ಮಾತ್ರವಲ್ಲ, ಆಕಾರ ಕೆಟ್ಟು ಒಂದರೊಳಗೊಂದು ಕಲಸಿಹೋಗುತ್ತದೆ. ಅದನ್ನು ಸರಿಪಡಿಸುವ ಪ್ರಯತ್ನಕ್ಕೆ 160 ವರ್ಷಗಳಿಗೂ ಮೀರಿದ ಇತಿಹಾಸವಿದೆ.

1858ರ ಆಗಸ್ಟಿನಲ್ಲಿ ಮೊದಲ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ ಕೆಲಸ ಆರಂಭಿಸಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಸಾಗರ ದಾಟಲು ಸುಮಾರು 16 ಗಂಟೆ ಹಿಡಿಯಿತು. ಕೇಬಲಿನ ಉದ್ದ ಇಮ್ಮಡಿಯಾದರೆ ಸಂಕೇತದ ವಿಳಂಬ ನಾಲ್ಕು ಪಟ್ಟಾಗುತ್ತದೆಂದು ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಮೊದಲೇ ಲೆಕ್ಕ ಹಾಕಿದ್ದರು. ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪದೆ ಸುಮಾರು 2,000 ವೋಲ್ಟ್ ಹರಿಸಿದರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ನಿಷ್ಪ್ರಯೋಜಕವಾಯಿತು. ಥಾಮ್ಸನ್ನರು ಬಲವನ್ನು ನಂಬಲಿಲ್ಲ; ಅತಿ ಕ್ಷೀಣ ವಿದ್ಯುತ್ತನ್ನೂ ಗುರುತಿಸುವ ಕನ್ನಡಿ ಗ್ಯಾಲ್ವನೋಮೀಟರನ್ನು ನಿರ್ಮಿಸಿದರು. ಅವರ ಮಾರ್ಗದರ್ಶನದಲ್ಲಿ 1866ರಲ್ಲಿ ಹಾಕಿದ ಕೇಬಲ್ ಯಶಸ್ವಿಯಾಯಿತು.

ಒಂದು ಶತಮಾನದ ನಂತರ, 1966ರಲ್ಲಿ, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಶುದ್ಧ ಗಾಜಿನ ತಂತುವಿನಲ್ಲಿ ಬೆಳಕನ್ನು ದೂರಕ್ಕೆ ಕಳುಹಿಸಬಹುದೆಂದು ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಅಂತಹ ತಂತುವನ್ನು ತಯಾರಿಸಿತು. 1988ರಲ್ಲಿ ಟ್ಯಾಟ್-8 ಎಂಬ ಗಾಜಿನ ಕೇಬಲ್ ಅಟ್ಲಾಂಟಿಕನ್ನು ದಾಟಿತು.

ಆದರೆ ಹಳೆಯ ಸಮಸ್ಯೆ ಹೊಸ ರೂಪದಲ್ಲಿ ಎದುರಾಯಿತು. ಬೆಳಕಿನ ಬೇರೆ ಬೇರೆ ತರಂಗಾಂತರಗಳು ಗಾಜಿನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವುದರಿಂದ ಬೆಳಕಿನ ಮಿಡಿತ ಹರಡಿಕೊಳ್ಳುತ್ತದೆ. 1990ರ ದಶಕದಲ್ಲಿ ವಿರುದ್ಧ ಗುಣದ ತಂತುವನ್ನು ಜೋಡಿಸಿ ಇದನ್ನು ಸರಿದೂಗಿಸಿದರು. 2008ರ ಸುಮಾರಿಗೆ ಆ ಕೆಲಸವನ್ನು ಡಿಜಿಟಲ್ ಚಿಪ್‌ಗಳು ವಹಿಸಿಕೊಳ್ಳತೊಡಗಿದವು.

ಹಾಗಾದರೆ ಬೆಳಕನ್ನೇ ಪ್ರಬಲಗೊಳಿಸಬಾರದೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರದ ಬೀಜವನ್ನು ಬಿತ್ತಿದವರು ಥಾಮ್ಸನ್ನರ ಶಿಷ್ಯ ಜಾನ್ ಕೆರ್. ಪ್ರಬಲ ವಿದ್ಯುತ್ ಕ್ಷೇತ್ರ ಗಾಜಿನ ವಕ್ರೀಭವನ ಗುಣವನ್ನು ಬದಲಿಸುತ್ತದೆಂದು ಅವರು 1875ರಲ್ಲಿ ಕಂಡುಹಿಡಿದರು. ಬೆಳಕೂ ವಿದ್ಯುತ್ಕಾಂತೀಯ ತರಂಗವೇ ತಾನೆ? ಅದು ಅತಿ ಪ್ರಬಲವಾದರೆ ತಾನು ಸಾಗುವ ಗಾಜನ್ನೇ ಬದಲಿಸಿ, ತನ್ನ ಆಕಾರವನ್ನು ತಾನೇ ಕೆಡಿಸಿಕೊಳ್ಳುತ್ತದೆ. ವೈಟ್‌ಹೌಸರ ಬಲಪ್ರಯೋಗ ಇಲ್ಲಿಯೂ ಫಲಿಸದು.

ಈ ವಿಕೃತಿಯನ್ನು ಲೆಕ್ಕ ಮಾಡಿ ತೆಗೆಯಲು ಡಿಜಿಟಲ್ ಚಿಪ್‌ಗಳಿಗೆ ಅಪಾರ ಗಣನೆ ಬೇಕು. ಆದ್ದರಿಂದ ವಿಜ್ಞಾನಿಗಳ ದೃಷ್ಟಿ ಸಿಲಿಕಾನ್ ಫೋಟಾನಿಕ್ಸ್‌ನತ್ತ ಹೊರಳಿದೆ. ಇಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ವಿಧಾನದಿಂದಲೇ ಸಿಲಿಕಾನಿನಲ್ಲಿ ಬೆಳಕಿನ ಹಾದಿಗಳನ್ನು ಕೊರೆಯುತ್ತಾರೆ. 2021ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಎನ್‌ಇಸಿ ಪ್ರಯೋಗಾಲಯದ ಸಂಶೋಧಕರು ಇಂತಹ ಚಿಪ್‌ನಲ್ಲಿ ನರಜಾಲದ ಮಾದರಿಯನ್ನು ರಚಿಸಿ, 10,080 ಕಿ.ಮೀ. ಉದ್ದದ ಸಾಗರ ಸಂಪರ್ಕದ ಸಂಕೇತವನ್ನು ಸುಧಾರಿಸಿ ತೋರಿಸಿದರು. ಫಲಿತಾಂಶ ಕಂಪ್ಯೂಟರ್ ತಂತ್ರಾಂಶದ ನರಜಾಲಕ್ಕೆ ಸಮೀಪವಾಗಿತ್ತು.

ಪ್ರಿಯ ವಿದ್ಯಾರ್ಥಿಗಳೇ, ವಕ್ರೀಭವನದ ಪಾಠವನ್ನು ಅಂಕಗಳಿಗಾಗಿ ಮಾತ್ರ ಓದಿ ಮರೆಯಬೇಡಿ. ಗಾಜಿನ ತುಂಡೊಂದನ್ನು ತಾಳ್ಮೆಯಿಂದ ಪರೀಕ್ಷಿಸಿದ ಕೆರ್‌ರಿಗೆ ಸಾಗರದಾಳದ ಗಾಜಿನ ತಂತುಗಳ ಕಲ್ಪನೆಯೇ ಇರಲಿಲ್ಲ. ಆದರೂ ಇಂದಿನ ಎಂಜಿನಿಯರುಗಳು ಅವರ ಶೋಧನೆಯನ್ನು ಅರಿಯದೆ ಒಂದು ಹೆಜ್ಜೆಯೂ ಮುಂದಿಡಲಾರರು. ಅಡ್ಡಿಯನ್ನು ಬಲದಿಂದ ಗೆಲ್ಲಲು ಹೊರಟವರು ಕೇಬಲನ್ನೇ ಕಳೆದುಕೊಂಡರು. ಅದರ ನಿಯಮವನ್ನು ಅರಿತವರು ಸಾಗರವನ್ನು ದಾಟಿದರು.