ಹೆಸರು ನೂಲಿಗೆ, ಹೊಣೆ ರೆಸಿನ್‌ಗೆ

ಕಾರ್ಬನ್ ಫೈಬರ್ ಬಾನೆಟ್ ಅಂದ್ರೆ ಎಲ್ಲರ ಕಣ್ಣು ಹೋಗೋದು ಆ ಕಪ್ಪು ನೇಯ್ಗೆಯ ಮೇಲೆ. ಆದರೆ ಬರೀ ಕಾರ್ಬನ್ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ, ಸೀರೆ ಸೆರಗಿನ ಹಾಗೆ ಜೋತು ಬೀಳುತ್ತೆ. ಅದನ್ನು ಬಾನೆಟ್ ಮಾಡೋದು ರೆಸಿನ್. ಯಾವ ರೆಸಿನ್ ಅನ್ನೋದೇ ಹಳೇ ಪ್ರಶ್ನೆ.

ಕಥೆ ಶುರುವಾಗೋದು ಗಾಜಿನ ನೂಲಿನಿಂದ. 1953ರಲ್ಲಿ ಅಮೆರಿಕದ ಷೆವರ್ಲೆ ತಂದ ಕಾರ್ವೆಟ್ ಕಾರಿನ ಮೈ ಗಾಜಿನ ನೂಲು ಮತ್ತು ಪಾಲಿಯೆಸ್ಟರ್ ರೆಸಿನ್‌ನದ್ದು. ಆ ವರ್ಷ ತಯಾರಾದದ್ದು 300 ಕಾರು ಮಾತ್ರ. ಅಷ್ಟಕ್ಕೆ ಉಕ್ಕಿನ ಅಚ್ಚು ಮಾಡಿಸಿದರೆ ಗಿಟ್ಟೋದಿಲ್ಲ. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತೆ. ಗಾಜಿಗೆ ಅದು ಸಾಕಾಗಿತ್ತು.

1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಬಲವಾದ ಕಾರ್ಬನ್ ನೂಲು ರೂಪುಗೊಂಡ ಮೇಲೆ ಲೆಕ್ಕ ಬದಲಾಯಿತು. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಕಾರ್ಬನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಹಿಡಿತ ಸಡಿಲವಾದರೆ ಪದರಗಳು ಬಿಟ್ಟುಕೊಳ್ಳುತ್ತವೆ. ವಿಮಾನದವರು ದುಬಾರಿಯಾದರೂ ಎಪಾಕ್ಸಿಯನ್ನೇ ನೆಚ್ಚಿಕೊಂಡರು.

ಆ ವಿದ್ಯೆ ರೇಸ್ ಕಾರಿನ ಚಾಸಿಗೆ ಬಂದದ್ದು 1981ರಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಮೆಕ್ಲಾರೆನ್ ಎಂಪಿ4/1 ಕಾರಿನ ಕಾರ್ಬನ್ ಚಾಸಿಯನ್ನು ತಯಾರಿಸಿಕೊಟ್ಟದ್ದು ಅಮೆರಿಕದ ಹರ್ಕ್ಯುಲಸ್ ಅನ್ನೋ ಏರೋಸ್ಪೇಸ್ ಕಂಪನಿ. 'ಡಿಕ್ಕಿಯಾದರೆ ಇದು ಪುಡಿಪುಡಿ' ಅಂದವರಿದ್ದರು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ತಡೆಗೋಡೆಗೆ ಬಡಿದು, ಎಂಜಿನ್ನೇ ಕಿತ್ತುಹೋಯಿತು. ವಾಟ್ಸನ್ ಎದ್ದು ನಡೆದುಬಂದರು. ಅನುಮಾನದ ಬಾಯಿ ಮುಚ್ಚಿತು.

ಇವತ್ತು ಸಣ್ಣ ವರ್ಕ್‌ಶಾಪಿನಲ್ಲೂ ಕಾರ್ಬನ್ ಬಾನೆಟ್ ಮಾಡ್ತಾರೆ. ಅಲ್ಲಿ ಎಪಾಕ್ಸಿ ಅಂದ್ರಷ್ಟೇ ಸಾಲದು. ರೆಸಿನ್ ಮತ್ತು ಹಾರ್ಡನರ್ ಅನ್ನು ಅಂದಾಜಿಗೆ ಸುರಿಯದೆ ತಕ್ಕಡಿಯಲ್ಲಿ ತೂಗಬೇಕು. ಅಳತೆ ತಪ್ಪಿದರೆ ಅದು ಪೂರ್ತಿ ಗಟ್ಟಿಯಾಗೋದೇ ಇಲ್ಲ. ಕೋಣೆಯ ಶಾಖದಲ್ಲೇ ಗಟ್ಟಿಯಾದ ಎಷ್ಟೋ ಎಪಾಕ್ಸಿಗಳು ಬೇಸಿಗೆಯ ಮಧ್ಯಾಹ್ನ ಕಪ್ಪು ಬಾನೆಟ್ ಕಾಯುವಷ್ಟು ಬಿಸಿಗೇ ಮೆತ್ತಗಾಗತೊಡಗುತ್ತವೆ. ಮೇಲ್ಮೈಯಲ್ಲಿ ನೇಯ್ಗೆಯ ಗೆರೆ ಎದ್ದು ಕಾಣುತ್ತೆ. ಅದಕ್ಕೇ ಕೊನೆಯಲ್ಲಿ ಓವನ್ನಿನಲ್ಲಿ ಹದವಾಗಿ ಕಾಯಿಸೋದು. ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತೆ, ಮೇಲೆ ಕ್ಲಿಯರ್ ಕೋಟ್ ಬೇಕು.

ಪಾಲಿಯೆಸ್ಟರ್ ಬಳಸಿದ ಬಾನೆಟ್ಟೂ ಮೊದಲ ದಿನ ಇಷ್ಟೇ ಮಿಂಚುತ್ತೆ. ಹಾಗಾಗಿ ಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿ: ರೆಸಿನ್ ಯಾವುದು? ಎಷ್ಟು ಡಿಗ್ರಿಯಲ್ಲಿ ಕಾಯಿಸಿದ್ದೀರಿ? ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.