ಮೇಣದಬತ್ತಿಯ ವ್ಯಾಪಾರಿ ಮತ್ತು ಹಾಲಿನ ಚಾಕೊಲೇಟ್

ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿರುವ ವೆವೇ ಪಟ್ಟಣದಲ್ಲಿ ಒಂದು ಕಾಲಕ್ಕೆ ಇರುಳಿನ ಬೆಳಕೆಂದರೆ ಮೇಣದಬತ್ತಿ. ಆ ಬೆಳಕನ್ನು ಮಾರಿ ಬದುಕುತ್ತಿದ್ದವರಲ್ಲಿ ಡೇನಿಯಲ್ ಪೀಟರ್ ಒಬ್ಬ. 1836ರಲ್ಲಿ ಮೂಡೋಂ ಎಂಬ ಊರಿನ ಕಸಾಯಿಯೊಬ್ಬನ ಮಗನಾಗಿ ಹುಟ್ಟಿದ ಈತ ವೆವೇಯಲ್ಲಿ ನೆಲೆನಿಂತು, ಬತ್ತಿಯ ವ್ಯಾಪಾರದಲ್ಲಿ ಕೈ ಕುದುರಿಸಿಕೊಳ್ಳುವ ಹೊತ್ತಿಗೆ ಸೀಮೆಎಣ್ಣೆಯ ದೀಪ ಬಂತು. ಕಸುಬಿಗೆ ಕತ್ತಲೆ ಕವಿಯಿತು.

1863ರಲ್ಲಿ ಅವನು ಕೈಹಿಡಿದ ಫ್ಯಾನಿ, ಫ್ರಾಂಸ್ವಾ-ಲೂಯಿ ಕಾಯೇಯ ಮಗಳು. ಆ ಕಾಯೇ 1819ರಷ್ಟು ಹಿಂದೆಯೇ ವೆವೇ ಬಳಿ ಯಂತ್ರಗಳಿಂದ ಚಾಕೊಲೇಟ್ ತಯಾರಿಸಲು ತೊಡಗಿದ್ದವನು. ಮಾವನ ಮನೆಯ ವಿದ್ಯೆ ಅಳಿಯನ ಕೈ ಹಿಡಿಯಿತು. 1867ರಲ್ಲಿ ಪೀಟರ್ ಸ್ವಂತ ಕಾರ್ಖಾನೆ ತೆರೆದ. ಆದರೆ ಅಂದಿನ ಚಾಕೊಲೇಟ್ ಕಪ್ಪು, ಕಹಿ, ದುಬಾರಿ. ಕೋಕೋ ದೂರದೇಶಗಳಿಂದ ಬರಬೇಕು. ಹಾಲಿಗೆ ಮಾತ್ರ ಆಲ್ಪ್ಸ್ ತಪ್ಪಲಲ್ಲಿ ಬರವಿರಲಿಲ್ಲ. ಎರಡನ್ನೂ ಕೂಡಿಸಿದರೆ?

ಕೂಡಿಸುವುದು ಸುಲಭ, ಉಳಿಸುವುದು ಕಷ್ಟ. ಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 87 ಪಾಲು ನೀರೇ. ಕೋಕೋ ಬೀಜದಲ್ಲಾದರೋ ಅರ್ಧದಷ್ಟು ಕೊಬ್ಬು. ಕರಗಿದ ಚಾಕೊಲೇಟಿಗೆ ಸ್ವಲ್ಪ ನೀರು ಬಿದ್ದರೂ ಸಾಕು, ನುಣುಪು ಹೋಗಿ ಗಂಟುಗಂಟಾಗುತ್ತದೆ; ತೇವ ಒಳಗುಳಿದರೆ ಬೂಷ್ಟು ಹಿಡಿಯುತ್ತದೆ. ಹಾಲು ಬತ್ತಿಸಿ ಖೋವಾ ಮಾಡಿದ ಕೈಗಳಿಗೆ ಈ ನೀರಿನ ಹಟ ಎಂಥದೆಂದು ಗೊತ್ತಿದೆ. ಪೀಟರನ ಮೊದಮೊದಲ ತುಂಡುಗಳು ಕೆಲಕಾಲದಲ್ಲೇ ಕೆಟ್ಟ ಚೀಸಿನ ನಾತ ಹೊಡೆದವಂತೆ. ಮಾಡಿದ್ದನ್ನು ಬಿಸಾಡಿ ಅವನು ಮತ್ತೆ ಒಲೆ ಹಚ್ಚಿದ.

ಅದೇ ಊರಿನಲ್ಲಿ ಹೆನ್ರಿ ನೆಸ್ಲೆ ಇದ್ದ. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಈ ಔಷಧಿಗಾರ 1867ರಲ್ಲಿ ಹಾಲು, ಗೋಧಿಹಿಟ್ಟು ಬೆರೆಸಿ ಕೂಸುಗಳ ಆಹಾರ ಸಿದ್ಧಪಡಿಸಿದ್ದ. ಹಾಲಿನ ನೀರು ಇಂಗಿಸುವ ವಿದ್ಯೆ ಹೀಗೆ ಕೈಗೆಟುಕುವ ದೂರದಲ್ಲೇ ಬೆಳೆಯುತ್ತಿತ್ತು. 1875ರಲ್ಲಿ ಪೀಟರನಿಗೆ ಹದ ಸಿಕ್ಕಿತು. ಅಲ್ಲಿಗೂ ನಿಲ್ಲದೆ ತಿದ್ದಿ ತೀಡಿ, 1887ರಲ್ಲಿ ‘ಗಾಲಾ ಪೀಟರ್’ ಎಂಬ ಹೆಸರಿನಲ್ಲಿ ಸರಕನ್ನು ಪೇಟೆಗೆ ಬಿಟ್ಟ.

ಚಾಕೊಲೇಟಿಗೆ ಹಾಲು ಬೆರೆಸಿದವರಲ್ಲಿ ಅವನೇ ಮೊದಲಿಗನೆಂದರೆ ಸಲ್ಲದು. ಜರ್ಮನಿಯ ಡ್ರೆಸ್ಡನ್ನಿನ ಜೋರ್ಡಾನ್ ಮತ್ತು ಟಿಮೇಯುಸ್ ಕಂಪನಿ 1839ರಲ್ಲೇ ಅಂಥದ್ದನ್ನು ಮಾರಿತ್ತು. ಆದರೆ ಕೆಡದೆ ಉಳಿದು, ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾಗಿ, ಲೋಕದ ನಾಲಗೆಗೆ ರುಚಿ ಹತ್ತಿಸಿದ್ದು ಪೀಟರನ ಚಾಕೊಲೇಟೇ. ಇಂಗ್ಲೆಂಡಿನ ಕ್ಯಾಡ್ಬರಿ ‘ಡೈರಿ ಮಿಲ್ಕ್’ ಹೊರತಂದದ್ದು 1905ರಲ್ಲಿ.

ಮುಂದೆ ಪೀಟರನ ಸಂಸ್ಥೆ 1904ರಲ್ಲಿ ಕೋಲರ್ ಮನೆತನದ ಕಂಪನಿಯೊಂದಿಗೆ, 1911ರಲ್ಲಿ ಹೆಂಡತಿಯ ತವರಿನ ಕಾಯೇ ಕಂಪನಿಯೊಂದಿಗೆ ಒಂದಾಯಿತು. 1919ರಲ್ಲಿ ಅವನು ವೆವೇಯಲ್ಲೇ ತೀರಿಕೊಂಡ. ಹಾಲಿನ ಚಾಕೊಲೇಟಿನ ಕೀರ್ತಿಯನ್ನು ನೆಸ್ಲೆಗೆ ಕಟ್ಟುವವರು ಇಂದಿಗೂ ಇದ್ದಾರೆ, ಅದು ನ್ಯಾಯವಲ್ಲ. ಹೆನ್ರಿ ನೆಸ್ಲೆ 1875ರಲ್ಲೇ ತನ್ನ ಕಂಪನಿಯನ್ನು ಮಾರಿ ಕೈತೊಳೆದುಕೊಂಡಿದ್ದ. ಅವನ ಹೆಸರು ಹೊತ್ತ ಸಂಸ್ಥೆಯ ತೆಕ್ಕೆಗೆ ಪೀಟರನ ಉದ್ಯಮ ಸೇರಿದ್ದು 1929ರಲ್ಲಿ, ಪೀಟರ್ ಸತ್ತು ಹತ್ತು ವರ್ಷದ ಮೇಲೆ.